ಮೊಳೆಯ ಮೇಲಿನ ಕೀಲಿ, ಕೊರಳಿನ ಬಿಲ್ಲೆ

ನಮ್ಮ ಮನೆಯ ಪಡಸಾಲೆಯಲ್ಲಿ ವಿಭೂತಿ ಇಡುವ ಗೂಡಿನ ಪಕ್ಕ ಒಂದು ಮೊಳೆ ಇದೆ. ಗಾಡಿಯ ಕೀಲಿ ಇರುವುದು ಅಲ್ಲೇ. ಅಪ್ಪನ ಕಾಲದಲ್ಲಿ ಹಳೆಯ ಜೀಪಿನ ಕೀಲಿ ಇತ್ತು, ಈಗ ನನ್ನ ಬಿಳಿ ಕಾರಿನದು. ನಿಲಂಗಾಕ್ಕೋ ಉದಗೀರಕ್ಕೋ ತುರ್ತಾಗಿ ಹೋಗಬೇಕಾದ ಓಣಿಯವರು ಅಂಗಳದಲ್ಲಿ ನಿಂತು ಒಂದು ಕೂಗು ಹಾಕಿ ಕೀಲಿ ಇಳಿಸಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಕೇಳುವ ಪದ್ಧತಿ ಇಲ್ಲ, ಹೇಳಿ ಹೋದರೆ ಸಾಕು.

ಹೀಗೆ ಒಯ್ಯುವವರಲ್ಲಿ ಮೊದಲನೆಯವನು ಪಕ್ಕದ ಮನೆಯವನು. ಅವರದು ಕುರಿ ಸಾಕುವ ಮನೆತನ, ಬೀರಪ್ಪನ ಭಕ್ತರು. ನನಗಿಂತ ಎರಡು ವರ್ಷ ದೊಡ್ಡವನು, ನಾನು ಅಣ್ಣಾ ಎನ್ನುತ್ತೇನೆ. ಸೋಯಾಬೀನ್ ರಾಶಿ ಮುಗಿದ ಮೇಲೆ ಅವನ ಕುರಿಗಳು ಗೊಬ್ಬರಕ್ಕೆಂದು ನಮ್ಮ ಹೊಲದಲ್ಲೇ ತಂಗುತ್ತವೆ. ಅಪ್ಪನ ಜೀಪಿನಲ್ಲಿ ನನಗೆ ಗಾಡಿ ಹೊಡೆಯಲು ಕಲಿಸಿದವನೂ ಅವನೇ. ಕಲಿಸುವಾಗ ಬೈದದ್ದನ್ನು ಇನ್ನೂ ಮರೆತಿಲ್ಲ.

ಈ ವ್ಯವಸ್ಥೆ ಕೆಟ್ಟದ್ದು ನನ್ನ ಹೆಂಡತಿಯ ತಮ್ಮನಿಂದ. ಉಮರ್ಗಾದಲ್ಲಿ ಒಂದು ಮದುವೆಗೆ ಹೋದವನು ಹಾಡುಹಗಲೇ ಕಾರು ಕಳೆದುಕೊಂಡು ಬಂದ. ಮಂಟಪದ ಎದುರಿಗೇ ನಿಲ್ಲಿಸಿದ್ದನಂತೆ. ಅವನು ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುವಷ್ಟರಲ್ಲಿ ಯಾರೋ ಹೆದ್ದಾರಿ ಹಿಡಿದು ಹೋಗಿಬಿಟ್ಟಿದ್ದರು. ಅಂದಿನಿಂದ ನನಗೆ ಊಟ ರುಚಿಸದಾಯಿತು. ನಾನು ಮೊದಲೇ ಅನುಮಾನದ ಮನುಷ್ಯ, ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವವನು. ಆ ವಾರವೇ ಉದಗೀರಕ್ಕೆ ಹೋಗಿ ಕಳ್ಳರು ಶುರು ಮಾಡದಂತೆ ತಡೆಯುವ ಇಮೊಬಿಲೈಸರ್ ಅನ್ನು ಗಾಡಿಗೆ ಹಾಕಿಸಿದೆ.

ಹಾಕುವ ಮೇಸ್ತ್ರಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಎಲ್ಲವನ್ನೂ ತಿಳಿಸಿ ಹೇಳಿದ. ಸೀಟಿನ ಕೆಳಗೆ ಬಚ್ಚಿಟ್ಟ ಸ್ವಿಚ್ಚು ಹಾಕಿಸಿಕೊಂಡರೆ ನಿಮಗೆ ಸುಲಭ, ಕಳ್ಳನಿಗೂ ಸುಲಭ ಎಂದ. ಪ್ರತಿ ಸಲ ಗುಟ್ಟಿನ ಗುಂಡಿಗಳನ್ನು ಕ್ರಮವಾಗಿ ಒತ್ತುವಂಥದ್ದು ಗಟ್ಟಿ, ಆದರೆ ಹತ್ತು ದಿನಕ್ಕೆ ನಿಮಗೇ ಬೇಸರ ಬಂದು ಬಂದ್ ಮಾಡಿಸುತ್ತೀರಿ ಎಂದ. ಕೊನೆಗೆ ಅಂಗಿಯ ಗುಂಡಿಯಷ್ಟು ದಪ್ಪದ ಒಂದು ಕಪ್ಪು ಬಿಲ್ಲೆ ತೋರಿಸಿದ. ಅದು ಮೈಮೇಲಿದ್ದರೆ ಏನೂ ಮಾಡಬೇಕಿಲ್ಲ, ಗಾಡಿ ತಾನೇ ಗುರುತು ಹಿಡಿಯುತ್ತದೆ. ಬಿಲ್ಲೆ ಇಲ್ಲದವನು ಕೂತರೆ ಶುರುವಾಗುವುದಿಲ್ಲ. ಶುರುವಾದ ಮೇಲೂ ನಡುವೆ ಬಾಗಿಲು ತೆರೆದು ಮುಚ್ಚಿದರೆ ಮತ್ತೆ ಬಿಲ್ಲೆ ಹುಡುಕುತ್ತದೆ, ಸಿಗದಿದ್ದರೆ ಸ್ವಲ್ಪ ದೂರ ಹೋಗಿ ಹಾರ್ನು ಬಡಿದುಕೊಂಡು ನಿಲ್ಲುತ್ತದೆ. ಎರಡೇ ಎಚ್ಚರಿಕೆ: ಬಿಲ್ಲೆಯನ್ನು ಕೀಲಿಯ ಜೊತೆ ಇಡಬಾರದು, ಮೈಯಿಂದ ಎಂದೂ ತೆಗೆಯದ ವಸ್ತುವಿಗೆ ಕಟ್ಟಬೇಕು. ಗಾಡಿಗೆ ಇಂಥದ್ದು ಹಾಕಿಸಿದ್ದೇನೆಂದು ಯಾರಿಗೂ ಹೇಳಬಾರದು.

ನನ್ನ ಮೈಯಿಂದ ಎಂದೂ ಇಳಿಯದ್ದು ಒಂದೇ, ಕೊರಳಿನ ಶಿವದಾರ. ಲಿಂಗದ ಜೊತೆ ಇದನ್ನು ಕಟ್ಟಲು ಮನಸ್ಸು ಅಳುಕಿತು. ಹೆಂಡತಿ ನಕ್ಕು, ಮುಂದೆ ದೇವರಿರಲಿ, ಹಿಂದೆ ಗಾಡಿ ಇರಲಿ ಎಂದು ಬಿಲ್ಲೆಯನ್ನು ಹೆಗಲ ಹಿಂದಕ್ಕೆ ಬರುವಂತೆ ದಾರಕ್ಕೆ ಹೊಲಿದಳು. ಜೊತೆಗೆ ಕೊಟ್ಟಿದ್ದ ಇನ್ನೊಂದು ಬಿಲ್ಲೆ ಅಲಮಾರಿ ಸೇರಿತು. ಆ ದಿನ ಹಾಯಾಗಿ ನಿದ್ದೆ ಮಾಡಿದೆ.

ಕೀಲಿ ಮಾತ್ರ ಮೊಳೆಯ ಮೇಲೇ ಇತ್ತು. ತೆಗೆದರೆ ಅಣ್ಣ ಏನೆಂದುಕೊಂಡಾನು ಎಂಬ ಸಂಕೋಚ. ಬಿಲ್ಲೆಯ ವಿಷಯ ಹೇಳಿದರೆ ನಿನ್ನನ್ನು ನಂಬುವುದಿಲ್ಲ ಎಂದಂತಾಗುತ್ತದೆ ಎಂಬ ಇನ್ನೊಂದು ಸಂಕೋಚ. ಹೀಗಾಗಿ ಒಂದು ತಿಂಗಳು, ಅವನು ಕೀಲಿಗೆ ಕೈ ಹಾಕಿದಾಗಲೆಲ್ಲ ನನಗೂ ಆ ಕಡೆ ಕೆಲಸವಿದೆ ಎಂದು ಗಾಡಿ ಹತ್ತಿ ಕೂತೆ. ಶಿರೂರ ಅನಂತಪಾಳದಲ್ಲಿ ನನಗೇನು ಕೆಲಸ? ಅಂಗಡಿಯ ಮುಂದೆ ನಿಂತು ಚಹಾ ಕುಡಿದು ಬಂದೆ. ನೀ ಈಗೀಗ ಭಾಳ ತಿರುಗಲಾಕತ್ತೀ ಎಂದು ಅವನು ಚೇಷ್ಟೆ ಮಾಡಿದರೆ ನಾನೂ ನಕ್ಕುಬಿಡುತ್ತಿದ್ದೆ.

ಆಮೇಲೆ ವಲಾಂಡಿಯ ಸಂತೆಯ ದಿನ ಬಂತು. ಅವನ ಹೆಂಡತಿಗೆ ಮೊಣಕಾಲು ನೋವು, ಉದಗೀರದ ಡಾಕ್ಟರಿಗೆ ತೋರಿಸಬೇಕಿತ್ತು. ನಾನೂ ಹೊರಟೆ. ಅಂದು ನಿಜವಾಗಿಯೂ ಕೆಲಸವಿತ್ತು, ದಾರಿಯ ಮೇಲಿನ ವಲಾಂಡಿಯಲ್ಲಿ ತೊಗರಿ ಬೀಜ ನೋಡಬೇಕಿತ್ತು. ಅಂಗಡಿಯ ಮುಂದೆ ಇಳಿದು, ನೀನು ಮುಂದೆ ಹೋಗು ಅಣ್ಣಾ, ನಾನು ಬಸ್ಸಿಗೆ ಊರಿಗೆ ಹೋಗುತ್ತೇನೆ ಎಂದೆ. ಕೊರಳ ಹಿಂದಿನ ಬಿಲ್ಲೆಯ ನೆನಪೇ ನನಗಿರಲಿಲ್ಲ. ಮೈಗೆ ಅಷ್ಟು ಹೊಂದಿಕೊಂಡುಬಿಟ್ಟಿತ್ತು.

ಬೀಜ ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಸಂತೆಯ ಕಡೆಯಿಂದ ಒಂದು ಹಾರ್ನು ಬಡಿದುಕೊಳ್ಳತೊಡಗಿತು. ನಿಲ್ಲುವ ಲಕ್ಷಣವಿಲ್ಲ. ಯಾವ ತಲೆಕೆಟ್ಟವನ ಗಾಡಿಯೋ ಎಂದು ಅಂಗಡಿಯವನ ಮುಂದೆ ಬೈದೆ. ಬೈದು ಮುಗಿಯುವಷ್ಟರಲ್ಲಿ ಕೈ ಕೊರಳ ಹಿಂದಿನ ಬಿಲ್ಲೆಗೆ ಹೋಯಿತು.

ಓಡಿಹೋದೆ. ತರಕಾರಿ ಸಾಲುಗಳ ನಡುವೆ ನನ್ನ ಗಾಡಿ ನಿಂತಿತ್ತು, ದೀಪಗಳು ಮಿಣುಕುತ್ತಿದ್ದವು. ಸುತ್ತ ಪರ ಊರಿನ ಜನ. ಒಬ್ಬ ಅಣ್ಣನ ತೋಳು ಹಿಡಿದು, ಗಾಡಿ ಕೋಣಾಚಿ, ಗಾಡಿ ಯಾರದು ಎಂದು ಮರಾಠಿಯಲ್ಲಿ ಗದರಿಸುತ್ತಿದ್ದ. ಇನ್ನೊಬ್ಬ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅತ್ತಿಗೆ ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ಕೂತಿದ್ದಳು. ನಾನು ಹತ್ತಿರ ಹೋಗಿ ಬಾಗಿಲು ತೆರೆದು ಕೂತದ್ದೇ ತಡ, ಹಾರ್ನು ನಿಂತು ಗಾಡಿ ಶುರುವಾಯಿತು. ತಿಂಗಳಿಡೀ ನಾನು ಯಾಕೆ ಜೊತೆಗೆ ಬರುತ್ತಿದ್ದೆ ಎಂಬುದು ಅಣ್ಣನಿಗೆ ಆಗ ತಿಳಿಯಿತು.

ಅವರ ಜೊತೆ ನಾನೂ ಉದಗೀರಕ್ಕೆ ಹೋಗಿ ಬಂದೆ. ದಾರಿಯುದ್ದಕ್ಕೂ ಮೇಸ್ತ್ರಿ, ಬಿಲ್ಲೆ, ಉಮರ್ಗಾದ ಕಳ್ಳರು ಎಂದು ಏನೇನೋ ಹೇಳಿದೆ. ಮನೆಯ ಮುಂದೆ ಇಳಿದ ಮೇಲೆ ಅವನು ಒಂದೇ ಮಾತು ಕೇಳಿದ.

"ಗಾಡಿ ನಿಂದು, ನೀ ಬೇಕಾದಷ್ಟು ಕೀಲಿ ಹಾಕು. ಆದ್ರ ಮೊಳಿ ಮ್ಯಾಲಿನ ಕೀಲಿ ಯಾಕ ಬಿಟ್ಟಿದ್ದಿ? ನನಗ ತೋರ್ಸಲಾಕ?"

ಕಳ್ಳನಿಗೆ ಹೇಳಬಾರದ ಗುಟ್ಟನ್ನು ನಾನು ಅಣ್ಣನಿಗೂ ಹೇಳಿರಲಿಲ್ಲ. ಎಂಟು ದಿನ ಅವನು ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಹೆಂಡತಿಯನ್ನು ಮತ್ತೆ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಕರೆದುಕೊಂಡು ಹೋದ. ಆ ಮೊಣಕಾಲಿನಲ್ಲಿ ಅತ್ತಿಗೆ ಬಸ್ಸಿನ ಮೆಟ್ಟಿಲು ಹತ್ತುವುದನ್ನು ದೂರದಿಂದ ನೋಡಿದೆ. ನನಗೆ ನಾಚಿಕೆಯಾಯಿತು. ಮೊಳೆಯ ಕಡೆ ನೋಡಲೂ ಆಗದೆ ವಿಭೂತಿ ಹಚ್ಚಿಕೊಳ್ಳುವಾಗ ಮುಖ ತಿರುಗಿಸುತ್ತಿದ್ದೆ.

ಒಂಬತ್ತನೆಯ ದಿನ ಅಲಮಾರಿಯ ಬಿಲ್ಲೆ ತೆಗೆದುಕೊಂಡು ಅವನ ಮನೆಗೆ ಹೋದೆ. ಅವನು ಉಣ್ಣೆ ಬಿಡಿಸುತ್ತ ಕೂತಿದ್ದ. ಬ್ಯಾಡ ಎಂದ. ತಪ್ಪಾಯಿತು ಅಣ್ಣಾ ಎಂದು ನಾನು ನೆಲಕ್ಕೇ ಕೂತೆ. ಕೊನೆಗೆ ಅತ್ತಿಗೆ ಬಂದು ನನ್ನ ಕೈಯಿಂದ ಬಿಲ್ಲೆ ತೆಗೆದುಕೊಂಡು, ದೇವರ ಮುಂದಿದ್ದ ಬೀರಪ್ಪನ ಭಂಡಾರದ ಚೀಲದೊಳಗೆ, ಅರಿಶಿನದ ಪುಡಿಯಲ್ಲಿ ಹಾಕಿಬಿಟ್ಟಳು. ಆ ಚೀಲಕ್ಕೆ ಸ್ನಾನ ಮಾಡದೆ ಯಾರೂ ಕೈ ಹಾಕುವಂತಿಲ್ಲ. ಉದಗೀರದ ಮೇಸ್ತ್ರಿಗೂ ಇಷ್ಟು ಗಟ್ಟಿಯಾದ ಉಪಾಯ ಹೊಳೆದಿರಲಿಲ್ಲ. ಅಣ್ಣ ಮೀಸೆಯಲ್ಲೇ ನಕ್ಕ, ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವನ ಕೂಗು ಕೇಳಿತು. ಕೀಲಿ ಹೋಯಿತು, ಗಾಡಿ ಹೋಯಿತು, ನಾನು ಮನೆಯಲ್ಲೇ ಕೂತು ಚಹಾ ಕುಡಿದೆ.

ವರ್ಷವೊಂದು ಆಗಿರಬೇಕು. ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ನಿಲಂಗಾಕ್ಕೆ ಹೊರಟರೆ ಗಾಡಿ ಶುರುವಾಗಲಿಲ್ಲ. ನನ್ನ ಬಿಲ್ಲೆಯ ಸೆಲ್ಲು ಮುಗಿದಿತ್ತು. ಕೀಲಿ ಕೈಯಲ್ಲಿ ಹಿಡಿದು ಅಣ್ಣನ ಬಾಗಿಲಿಗೆ ಹೋಗಿ ನಿಂತೆ. ಜೀವನದಲ್ಲಿ ಮೊದಲ ಸಲ ನನ್ನ ಗಾಡಿಯನ್ನು ನಾನೇ ಇನ್ನೊಬ್ಬರಲ್ಲಿ ಕೇಳುವಂತಾಗಿತ್ತು.

"ಸ್ನಾನ ಆಗ್ಯಾದೇನು?" ಎಂದ.

ಆಗಿರಲಿಲ್ಲ. ಅವಸರ ಅಣ್ಣಾ, ನೀನೇ ತೆಗೆದುಕೊಡು ಎಂದೆ. ನಂದೂ ಆಗಿಲ್ಲ ಎಂದು ಅವನು ಹಾಯಾಗಿ ಗೋಡೆಗೆ ಒರಗಿದ. ಗೊಣಗುತ್ತ ಮನೆಗೆ ಹೋಗಿ ಎರಡು ತಂಬಿಗೆ ಸುರಿದುಕೊಂಡು ಬಂದೆ. ಚೀಲಕ್ಕೆ ಕೈ ಹಾಕಿ, ಹಳದಿ ಹತ್ತಿದ ಬಿಲ್ಲೆ ತೆಗೆದು ಜೇಬಿಗಿಟ್ಟುಕೊಂಡೆ. ಹೊರಡುವಾಗ ಹಳೆಯದೆಲ್ಲ ನೆನಪಾಗಿ, ನೀನೂ ಜೊತೆಗೆ ಬರುತ್ತೀಯೇನು ಎಂದು ಕೇಳಿದೆ.

ಅವನು ಕೂತಲ್ಲಿಂದ ಏಳಲಿಲ್ಲ.

"ನಾ ಯಾಕ ಬರ್ಲಿ? ನೀ ಹೋಗಿ ಬಾ."