ಜಾಗದ ಸಾಹೇಬರು

ಅವರ ನಿಜವಾದ ಹೆಸರು ನಗರಸಭೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಎಲ್ಲರ ಬಾಯಲ್ಲೂ ಅವರು ಜಾಗದ ಸಾಹೇಬರು. ಮನೆಯಿಲ್ಲದವರಿಗೆ ನಲವತ್ತು ತಾತ್ಕಾಲಿಕ ಕೋಣೆ ಕಟ್ಟಲು ಜಾಗ ಹುಡುಕುವ ಕೆಲಸ ಅವರ ಕೊರಳಿಗೆ ಬಿದ್ದು ಎರಡು ವರ್ಷವಾಯಿತು. ಪೆನ್ಸಿಲ್ಲಿನಿಂದ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿ, ನಕ್ಷೆಯಲ್ಲಿ ಅರ್ಧ ಊರೇ ಸವೆದು ತೂತು ಬಿದ್ದಿದೆ. ಅಂಗಡಿಯವರು ಬಂದು, “ಒಳ್ಳೇ ಕೆಲಸ ಸಾರ್, ಆದ್ರೆ ನಮ್ಮ ಬೀದೀಲಿ ಬೇಡ” ಎಂದರೆ, “ಅದೂ ಸರಿ” ಎನ್ನುತ್ತಾರೆ. ಊರಾಚೆ ಕಟ್ಟಿದರೆ ಅಲ್ಲಿರುವವರು ಆಸ್ಪತ್ರೆಗೆ ಬರುವುದು ಹೇಗೆಂದು ಡಾಕ್ಟರು ರೇಗಿದರೆ, “ಅದೂ ಸರಿ”. ಎಲ್ಲವೂ ಸರಿಯಾದ ಮೇಲೆ ತಪ್ಪು ಯಾವುದೆಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಾರೆ. ಒಂದು ದಿನ ದಿಕ್ಕು ತೋಚದೆ, ಬಸ್ ನಿಲ್ದಾಣದಲ್ಲಿ ಮಲಗುವ ಹೆಂಗಸೊಬ್ಬಳನ್ನೇ ಕೇಳಿಬಿಟ್ಟರು: “ನಿಮಗೆ ಎಲ್ಲಾದ್ರೆ ಅನುಕೂಲಮ್ಮಾ?” ಆಕೆ ಅವರನ್ನು ದಿಟ್ಟಿಸಿ ನೋಡಿ, “ಇದನ್ನ ಇಲ್ಲೀತನಕ ಯಾರೂ ಕೇಳಿರ್ಲಿಲ್ಲ ಸಾರ್. ಮಗಳ ಸ್ಕೂಲ್ ಹತ್ರ ಇದ್ರೆ ಸಾಕು” ಎಂದಳು. ಆ ಶಾಲೆಯ ಪಕ್ಕದಲ್ಲೊಂದು ಖಾಲಿ ಸರ್ಕಾರಿ ಜಾಗವಿತ್ತು, ಸಾಹೇಬರ ಮನೆಯ ಎದುರಿಗೇ. ದಿನಾ ಅದನ್ನು ದಾಟಿಕೊಂಡೇ ಆಫೀಸಿಗೆ ಬಂದರೂ ಒಮ್ಮೆಯೂ ಗುರುತು ಹಾಕಿರಲಿಲ್ಲ. ಅಂದು ಹಾಕಿದರು. ವಾರದೊಳಗೆ ಬೀದಿಯವರ ಆಕ್ಷೇಪಣೆ ಅರ್ಜಿ ಬಂತು. ಮೊದಲ ಸಹಿ ಅವರ ಹೆಂಡತಿಯದು. ಸಾಹೇಬರು ಅದನ್ನು ಎರಡು ಸಲ ಓದಿ, ಕೆಳಗೆ “ಇದೇ ಜಾಗ ಸೂಕ್ತ” ಎಂದು ಬರೆದು ಮೇಲಿನವರಿಗೆ ಕಳುಹಿಸಿದರು. ಸಂಜೆ ಬಾಗಿಲಲ್ಲೇ ಹೆಂಡತಿ ಕೇಳಿದಳು, “ಏನಾಯ್ತು ರೀ ನಮ್ಮ ಅರ್ಜಿ?” ಚಪ್ಪಲಿ ಬಿಡುವುದೋ, ಹಾಕಿಕೊಂಡೇ ಇರುವುದೋ ಸಾಹೇಬರಿಗೆ ತಿಳಿಯಲಿಲ್ಲ.