ಎರಡು ವಾರ್ಡುಗಳ ನಡುವೆ ಮಲಗಿದವಳು

ಬೋಳಿಸಿದ ಗಲ್ಲದ ಹಸಿರು ಛಾಯೆಯ ಮೇಲೆ ಅರಿಶಿನ, ಹಣೆಯಲ್ಲಿ ಕಾಸಗಲ ಕುಂಕುಮ, ಬುಟ್ಟಿಯ ಮೀನುನೀರು ಕಣ್ಣಿಗಿಳಿಯದಂತೆ ತುಸು ಎಡಕ್ಕೆ ವಾಲಿದ ತಲೆ. ಮೀನಕ್ಕ ಬೀಜಾಡಿಯಿಂದ ಕೋಟೇಶ್ವರದ ನಮ್ಮ ಮನೆಗೆ ಬರುತ್ತಿದ್ದದ್ದು ಹೀಗೆ. ಗಂಡಾಗಿ ಹುಟ್ಟಿದವಳು, ಮೀಸೆ ಮೂಡುವ ವಯಸ್ಸಿಗೆ ತಾಯಿಯ ಸೀರೆ ಉಟ್ಟು, ತಾಯಿಯ ಬುಟ್ಟಿಯನ್ನೇ ತಲೆಗೇರಿಸಿಕೊಂಡವಳು. ಮೊದಮೊದಲು ನಕ್ಕ ಊರು, ಅವಳ ಬಂಗಡೆ ಯಾವತ್ತೂ ತಾಜಾ ಎಂದು ಗೊತ್ತಾದ ಮೇಲೆ ಸುಮ್ಮನಾಯಿತು. ಯಾರಾದರೂ ಕೆಣಕಿದರೆ, “ದೇವ್ರ್ ನನ್ನ ಮಾಡುವೊತ್ತಿಗೆ ಯಾರೋ ಕರ್ದಿರ್ ಕಾಣ್ತ್, ಅರ್ಧಕ್ಕೆ ಎದ್ದ್ ಹೋದ” ಎಂದು ತಾನೇ ಮೊದಲು ನಗುತ್ತಿದ್ದಳು.

ನರ್ಸಿಂಗ್ ಕಲಿಯಲು ನಾನು ಮಂಗಳೂರಿಗೆ ಹೋಗುವುದು ಅಪ್ಪಯ್ಯನಿಗೆ ಸುತರಾಂ ಇಷ್ಟವಿರಲಿಲ್ಲ. “ಕಂಡ್ ಕಂಡವ್ರ ಮೈ ಮುಟ್ಟು ಕೆಲ್ಸ ನಮ್ಮನಿ ಹೆಣ್ಣಿಗ್ ಬ್ಯಾಡ” ಎಂದಿದ್ದರು. ಅಂಗಳದಲ್ಲಿ ಮೀನು ತೆಗೆಯುತ್ತಿದ್ದ ಮೀನಕ್ಕ ತಲೆಯೆತ್ತಿದಳು.

“ಕಳ್ಸಿ ಒಡೆಯ್ರೆ. ನನ್ನಂತವ್ರ ಮೈ ಮುಟ್ಟುಕೂ ಒಬ್ರ್ ಬೇಕಲ್ದಾ?”

ಕೊನೆಗೆ ಅಪ್ಪಯ್ಯನೇ ನನ್ನನ್ನು ಬಸ್ಸು ಹತ್ತಿಸಿದರು.

ಕಲಿತು ಬಂದು ಕುಂದಾಪುರದ ಒಂದು ಆಸ್ಪತ್ರೆಗೆ ಸೇರಿದೆ. ಅದು ಅರವತ್ತರ ದಶಕದ ಮಧ್ಯ. ಮೀನು ಕೊಳ್ಳುತ್ತ ಮೀನಕ್ಕನ ಬಳಿ ಕೇರಿಯವರೆಲ್ಲರ ಜ್ವರ, ಕೆಮ್ಮು ವಿಚಾರಿಸುತ್ತಿದ್ದೆ. ಅವಳದ್ದು ಕೇಳಬೇಕೆಂದು ಹೊಳೆಯಲೇ ಇಲ್ಲ. ಒಂದು ಬೆಳಿಗ್ಗೆ ಬುಟ್ಟಿಯಿಲ್ಲದೆ ಹಿತ್ತಲ ಬಾಗಿಲಿಗೆ ಬಂದು ಹೊಟ್ಟೆ ಹಿಡಿದು ಕೂತಳು. ತೊಡೆಸಂದಿಯಲ್ಲಿ ಹರ್ನಿಯಾ. ವರ್ಷಗಳಿಂದ ಬಟ್ಟೆ ಬಿಗಿದು ಕಟ್ಟಿಕೊಂಡೇ ಭಾರ ಹೊತ್ತಿದ್ದಳು.

“ಮೊದ್ಲೇ ಯಾಕ್ ಹೇಳ್ಲಿಲ್ಲೆ?”

“ಹಿಂದೊಂದ್ಸಲ ಆಸ್ಪತ್ರಿಗೆ ಹೋಯಿದ್ದೆ ಹೆಣ್ಣೆ. ಮದ್ದ್ ಕೊಡೂಕ್ ಯಾರೂ ಬರ್ಲಿಲ್ಲೆ, ಸೀರೆ ಎತ್ತಿ ಕಾಂಬುಕೆ ಎಲ್ಲ ಬಂದ್ರ್.”

ನಾನೇ ಕರೆದುಕೊಂಡು ಹೋದೆ. ಚೀಟಿ ಬರೆಯುವವನು “ಗಂಡ್ಸಾ, ಹೆಂಗ್ಸಾ? ಎಂತ ಬರೂದ್?” ಎಂದ.

“ಹೊಟ್ಟೆನೋವ್ ಅಂದ್ ಬರ್ಕಣಿ,” ಎಂದಳು.

ಹೆಂಗಸರ ವಾರ್ಡಿನವರು ಬೇಡವೆಂದು ಗಲಾಟೆ ಎಬ್ಬಿಸಿದರು. ಗಂಡಸರ ವಾರ್ಡಾದರೆ ಸೀರೆ ಬಿಚ್ಚಿ ಲುಂಗಿ ಉಡಬೇಕೆಂದರು ದೊಡ್ಡ ಡಾಕ್ಟರು. “ಸಾಯೂಕ್ ಅಡ್ಡಿಲ್ಲೆ, ಅದೊಂದ್ ಆತಿಲ್ಲೆ” ಎಂದು ಅವಳು ಎದ್ದು ನಿಂತಳು. ನಾನು ಗೋಗರೆದ ಮೇಲೆ ಎರಡು ವಾರ್ಡುಗಳ ನಡುವಿನ ಓಣಿಯಲ್ಲಿ ಮಂಚ ಹಾಕಲು ಡಾಕ್ಟರು ಒಪ್ಪಿದರು. ನನ್ನೆರಡು ಸೀರೆ ಕಟ್ಟಿ ಮರೆ ಮಾಡಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಹಾದುಹೋಗುವವರೆಲ್ಲ ಸೀರೆ ಸರಿಸಿ ಇಣುಕಿದರು. ಮಕ್ಕಳನ್ನು ಎತ್ತಿಕೊಂಡು ಬಂದು ತೋರಿಸಿದವರೂ ಇದ್ದರು. ಹೊಲಿಗೆ ಬಿಚ್ಚುವ ಮೊದಲೇ, ಒಂದು ದಿನ ನಾನು ಡ್ಯೂಟಿಗೆ ಬಂದಾಗ ಮಂಚ ಖಾಲಿಯಾಗಿತ್ತು.

ಬೀಜಾಡಿಯ ಅವಳ ಮನೆಗೇ ಹೋಗಿ ಹೋಗಿ ಗಾಯ ತೊಳೆದೆ. ಕೀವಾಯಿತು, ಜ್ವರ ಏರಿತು. “ಆಸ್ಪತ್ರಿಗೆ ವಾಪಾಸ್ ಹೋಪ” ಎಂದು ಕೈ ಹಿಡಿದು ಬೇಡಿಕೊಂಡೆ. ಅವಳು ತಲೆಯಲ್ಲಾಡಿಸಿದಳು.

“ನೀನ್ ಮರೆ ಕಟ್ಟಿದ್ಯಲ್ಲ, ಅಷ್ಟ್ ಮಾಡ್ದವ್ರ್ ಬೇರೆ ಯಾರಿದ್ರ್?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬಾಗಿಲಿರುವ ಒಂದು ಕೋಣೆಯನ್ನೇ ಕೇಳಬಹುದಿತ್ತು; ಓಣಿ ಸಿಕ್ಕಿದ್ದೇ ದೊಡ್ಡದೆಂದು ನಾನು ಸುಮ್ಮನಾಗಿದ್ದೆ.

ಅವಳು ತೀರಿಕೊಂಡಾಗ ಹೆಣ ಮೀಯಿಸಲು ಗಂಡಸರು ಮುಂದೆ ಬಂದರು. ಅವಳ ಅಣ್ಣನ ಹೆಂಡತಿ ನೀರಿನ ಕೊಡ ಹಿಡಿದು ಅಡ್ಡ ನಿಂತಳು.

“ಹೊರ್ಗ್ ನಡೀರಿ. ಇವ್ಳನ್ನ ಹೆಂಗ್ಸ್ರೇ ಮೀಸೂದ್.”

ಗಂಡಸರು ಮರುಮಾತಿಲ್ಲದೆ ಹೊರಗೆ ಹೋದರು. ಅಷ್ಟು ಸಲೀಸಾಗಿ ಆಡಬಹುದಾದ ಮಾತಾಗಿತ್ತು ಅದು. ಆಸ್ಪತ್ರೆಯಲ್ಲಿ, ಬಿಳಿ ಸಮವಸ್ತ್ರ ತೊಟ್ಟು ನಿಂತಿದ್ದ ನನ್ನ ಬಾಯಿಂದ ಅದು ಬಂದಿರಲಿಲ್ಲ.