ನನ್ನ ಹೆಸರಿಗೆ ಕೂಡಿಬರದ ಮನೆ

ನಿಡಘಟ್ಟದಲ್ಲಿ ನಮಗೊಂದು ಮನೆಯಿದೆ. ಹೆದ್ದಾರಿಗೆ ಮುಖ ಮಾಡಿ ನಿಂತಿದೆ, ಮುಂದೆ ಎರಡು ಮಳಿಗೆ. ಬೆಂಗಳೂರಿಗೂ ಮೈಸೂರಿಗೂ ಓಡಾಡುವವರೆಲ್ಲ ನಮ್ಮ ಬಾಗಿಲಲ್ಲೇ ಇಳಿದು ಕಾಫಿ ಕುಡಿಯುತ್ತಾರೆ, ಮಳಿಗೆಯ ಬಾಡಿಗೆಯಲ್ಲೇ ಸಾಲ ತೀರುತ್ತದೆ ಎಂಬುದು ನಮ್ಮ ಯಜಮಾನರ ಯೋಜನೆ. ಮನೆಯ ಬಣ್ಣ ಒಣಗುವಷ್ಟರಲ್ಲಿ ಹೊಸ ರಸ್ತೆ ಬಂತು, ಅದರ ಪಕ್ಕ ಬೇಲಿಯೂ ಬಂತು. ಈಗ ಕಾರುಗಳು ಬೇಲಿಯಾಚೆ ಸುಂಯ್ ಅಂತ ಹೋಗುತ್ತವೆ. ನಮ್ಮ ಕಾಫಿ ಬೇಕೆಂದರೆ ಬೇಲಿ ಹಾರಬೇಕು. ಒಂದು ಮಳಿಗೆಯಲ್ಲಿ ನಮ್ಮ ಸ್ಕೂಟರ್ ನಿಲ್ಲುತ್ತದೆ, ಇನ್ನೊಂದರಲ್ಲಿ ಏನೂ ಇಲ್ಲ.

ಬೆಲೆ ಕಟ್ಟಲು ಬಂದ ಬ್ಯಾಂಕಿನವರು ಹೇಳಿದ್ದಿಷ್ಟು: ಈಗ ಮಾರಿದರೆ ಬರುವ ದುಡ್ಡಿಗಿಂತ ಉಳಿದಿರುವ ಸಾಲವೇ ಹೆಚ್ಚು. ಅಂದರೆ ಮನೆಯನ್ನೂ ಕೊಟ್ಟು, ಮೇಲೆ ಕೈಯಿಂದಲೂ ಕೊಟ್ಟು, ನಮಸ್ಕಾರ ಹಾಕಿ ಬರಬೇಕು. ಜಾಗ ಯಜಮಾನರದ್ದು, ಹಾಗಾಗಿ ಮನೆ ಅವರ ಹೆಸರಿನಲ್ಲಿದೆ. ಸಂಬಳ ನನ್ನದು, ಹಾಗಾಗಿ ಕಂತು ನನ್ನ ಖಾತೆಯಿಂದ ಹೋಗುತ್ತದೆ. ಎಷ್ಟು ನ್ಯಾಯವಾದ ಹಂಚಿಕೆ ನೋಡಿ.

ನಾನು ಮಳವಳ್ಳಿಯಲ್ಲಿ ಹೈಸ್ಕೂಲು ಮೇಡಂ. ದಿನಾ ಮದ್ದೂರಿನಲ್ಲಿ ಬಸ್ಸು ಬದಲಿಸಿ ಹೋಗಿಬರುವುದರಲ್ಲೇ ಸೊಂಟ ಬಿದ್ದುಹೋಗಿತ್ತು. ಅಷ್ಟರಲ್ಲಿ ತವರಿನ ಗದ್ದೆ ಮಾರಾಟವಾಗಿ ನನ್ನ ಪಾಲಿನ ದುಡ್ಡು ಕೈಗೆ ಬಂತು. ಆ ದುಡ್ಡಿನಲ್ಲಿ ಮಳವಳ್ಳಿಯಲ್ಲೊಂದು ಮನೆ, ಅದೂ ನನ್ನ ಹೆಸರಿನಲ್ಲಿ, ಎಂದು ಹಟ ಹಿಡಿದೆ. ಯಜಮಾನರು ಆಗಲಿ ಅಂದರು. ಅದುವರೆಗೆ ನನ್ನ ಹೆಸರಿನಲ್ಲಿ ಇದ್ದದ್ದು ಗ್ಯಾಸ್ ಸಿಲಿಂಡರ್ ಒಂದೇ.

ನನ್ನ ದುಡ್ಡಿಗೆ ಸಿಕ್ಕಿದ್ದು ಹಳೇ ಹೆಂಚಿನ ಮನೆ. ಗಟ್ಟಿಮುಟ್ಟಾಗಿದೆ, ಸಣ್ಣಪುಟ್ಟ ರಿಪೇರಿ ಅಷ್ಟೆ ಎಂದು ದಲ್ಲಾಳಿ ಹೇಳಿದ್ದ. ಸಣ್ಣದೆಂದರೆ ಕರೆಂಟಿನ ವೈರೆಲ್ಲ ಇಲಿಗಳ ಪಾಲಾಗಿತ್ತು. ಪುಟ್ಟದೆಂದರೆ ಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಗಾರೆ ಕೆಲಸದವನು ತಟ್ಟಿ ನೋಡಿ, ಇದನ್ನು ಕೆಡವಿ ಕಟ್ಟಬೇಕು, ಬೇರೆ ದಾರಿಯಿಲ್ಲ ಅಂದ. ಆದರೂ ಮುಂಗಡ ಕೊಟ್ಟೆ.

ನೋಂದಣಿಗೆ ನಾಲ್ಕು ದಿನ ಇದೆ ಅನ್ನುವಾಗ ಯಜಮಾನರು ಆಯ ನೋಡುವವರನ್ನು ಆ ಹೆಂಚಿನ ಮನೆಗೆ ಕರೆತಂದರು. ನಮ್ಮ ಕಡೆ ಆಯ ನೋಡದೆ ದನದ ಕೊಟ್ಟಿಗೆಯನ್ನೂ ಕಟ್ಟುವುದಿಲ್ಲ. ಮನೆಯ ಉದ್ದಗಲ ಗುಣಿಸಿ, ಒಡೆಯರ ಹೆಸರಿನ ನಕ್ಷತ್ರಕ್ಕೆ ತಾಳೆ ನೋಡಿ, ಲಾಭವೋ ನಷ್ಟವೋ ಹೇಳುತ್ತಾರೆ. ನಿಡಘಟ್ಟದ ಮನೆಗೂ ಇವರೇ ನೋಡಿದ್ದು. ಭಾರಿ ಲಾಭ ಅಂದಿದ್ದರು. ಈಗಲೂ ಟೇಪು ಹಿಡಿದು ಅಳೆದರು, ಬೆರಳು ಮಡಿಸಿದರು. ಕಡೆಗೆ, ಈ ಆಯ ಯಜಮಾನರಿಗೆ ಬಂಗಾರ, ನನ್ನ ಹೆಸರಿಗೆ ಮಾತ್ರ ಕೂಡಿಬರುವುದಿಲ್ಲ ಅಂದರು.

ಯಜಮಾನರ ಮುಖದಲ್ಲಿ ಬೇಸರ ಕಾಣಿಸಬೇಕಿತ್ತು. ಕಾಣಿಸಲಿಲ್ಲ.

"ಯಾರ್ ಎಸ್ರಲ್ಲಿದ್ರೇನು ಬುಡೇ, ಎಲ್ಲಾ ಒಂದೇ ಅಲ್ವಾ?" ಅಂದರು.

ನನಗೆ ಉರಿದುಹೋಯಿತು. ಅಪ್ಪನ ಆ ಗದ್ದೆಯಲ್ಲಿ ಮದುವೆಯಾಗುವವರೆಗೂ ನಾಟಿ ಮಾಡಿದವಳು ನಾನು. ಆ ದುಡ್ಡೂ ಅವರ ಹೆಸರಿಗೆ ಹೋದರೆ, ನಾಳೆ ನನ್ನದು ಅನ್ನಲು ಏನೂ ಇರುವುದಿಲ್ಲ. ಕೂಗಾಡಬಹುದಿತ್ತು. ಕೂಗಾಡಿದರೆ ಮೇಡಂಗೆ ತಲೆ ಕೆಟ್ಟಿದೆ ಅನ್ನುತ್ತಾರೆ, ಆಯ ಮಾತ್ರ ಹಾಗೇ ಇರುತ್ತದೆ. ಹಿಂದಿನ ಗೋಡೆಯ ಕಡೆ ನೋಡಿದೆ. ಹೇಗೂ ಕೆಡವುವ ಗೋಡೆ. ಅದನ್ನು ಸ್ವಲ್ಪ ಒಳಕ್ಕೆ ಸರಿಸಿ ಕಟ್ಟಿದರೆ ಆಯ ಏನಾಗುತ್ತದೆ ಸ್ವಾಮಿ ಎಂದು ಬಹಳ ಭಕ್ತಿಯಿಂದ ಕೇಳಿದೆ.

ಅವರು ಲೆಕ್ಕದ ಮನುಷ್ಯ, ಲೆಕ್ಕ ಕೊಟ್ಟರೆ ಬಿಡುವವರಲ್ಲ. ಮತ್ತೆ ಬೆರಳು ಮಡಿಸಿ, ಆರು ಇಂಚು ಒಳಕ್ಕೆ ಬಂದರೆ ನನ್ನ ಹೆಸರಿಗೆ ಬಲು ಉತ್ತಮ ಅಂದುಬಿಟ್ಟರು.

"ಆಗ ನಂಗೆ?" ಯಜಮಾನರು ಕೇಳಿದರು.

"ನಿಮ್ಗೆ ಆಗಾಕಿಲ್ಲ ಕಣಪ್ಪ. ನಷ್ಟ."

ಎಲೆ ಅಡಿಕೆಯ ಮೇಲೆ ದಕ್ಷಿಣೆ ಇಟ್ಟು, ಅವರು ಇನ್ನೊಂದು ಸಲ ಲೆಕ್ಕ ಮಾಡುವ ಮೊದಲೇ ಕಾಲಿಗೆ ಬಿದ್ದೆ. ಅಡುಗೆಮನೆ ಆರು ಇಂಚು ಚಿಕ್ಕದಾಗುತ್ತದೆ, ಆಗಲಿ. ಎಲ್ಲಾ ಒಂದೇ ಅಂದಿರಲ್ಲ, ಹಾಗಾದರೆ ನನ್ನ ಹೆಸರಿನಲ್ಲೇ ಇರಲಿ ಎಂದು ದಾರಿಯಲ್ಲಿ ಹೇಳಿದೆ. ಯಜಮಾನರು ಸ್ಕೂಟರಿನ ವೇಗ ಹೆಚ್ಚಿಸಿದರು.

ನೋಂದಣಿ ಕಚೇರಿಯಲ್ಲಿ ಫೋಟೋ ತೆಗೆಯುವಾಗ ಅಭ್ಯಾಸಬಲದಿಂದ ಅವರೇ ಹೋಗಿ ಕ್ಯಾಮೆರಾ ಮುಂದೆ ಕೂತರು. ಕೊಳ್ಳುವವರು ಮಾತ್ರ ಕೂರಬೇಕು ಎಂದು ಅಲ್ಲಿನ ಸಿಬ್ಬಂದಿ ಎಬ್ಬಿಸಿದರು. ನಾನು ಕೂತೆ. ಹೆಬ್ಬೆಟ್ಟು ಒತ್ತುವಾಗ ಕಣ್ಣಲ್ಲಿ ನೀರು ಬಂತು. ಫೋಟೋದಲ್ಲೂ ಹಾಗೇ ಬಿದ್ದಿದೆ. ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದರು. ಯಜಮಾನರು ಬಂದು ಸಾಕ್ಷಿ ಎಂದು ಬರೆದ ಜಾಗದಲ್ಲಿ ಸಹಿ ಹಾಕಿದರು. ಇಷ್ಟು ವರ್ಷದಲ್ಲಿ ಅವರ ತಲೆ ಅಷ್ಟು ತಗ್ಗಿದ್ದನ್ನು ನಾನು ಕಂಡಿರಲಿಲ್ಲ. ಪಾಪ ಅನ್ನಿಸಿತು. ಮುಂದಿನ ಪುಟದಲ್ಲೂ ಒಂದು ಸಹಿ ಬೇಕಂತೆ ಎಂದು ಪುಟ ತಿರುಗಿಸಿಕೊಟ್ಟೆ.